ಸೀಬೆ ತೋಟದ ಖಾಲಿ ಡಬ್ಬಿಗಳು

ಡಬ್ಬಿಯ ಮುಚ್ಚಳ ತಿರುವಿ ಒಳಗಿದ್ದುದನ್ನು ಬಿಳಿ ತಟ್ಟೆಗೆ ಸುರಿದಾಗ ಬಿದ್ದದ್ದು ಎರಡು ನೊಣ, ಒಂದಿಷ್ಟು ಇರುವೆ, ಒಣಗಿ ಸುರುಟಿದ ಎಲೆಯ ಚೂರು. ನಾಗೇಂದ್ರ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದ. ಸುತ್ತ ನಿಂತವರೂ ಅವನೊಂದಿಗೆ ಕುತ್ತಿಗೆ ಓರೆ ಮಾಡಿದರು. ಭೀಮನಬೀಡಿನ ಈ ಸೀಬೆ ತೋಟದಲ್ಲಿ ಇದು ಕೊನೆಯ ಡಬ್ಬಿ. ಉಳಿದವುಗಳಲ್ಲೂ ಇಷ್ಟೇ, ಕೆಲವುಗಳಲ್ಲಿ ಇಷ್ಟೂ ಇರಲಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಯಾವ ಯಾವ ಜಾತಿಯ ಹಣ್ಣಿನ ನೊಣಗಳಿವೆ, ಎಲ್ಲಿ ಎಷ್ಟಿವೆ ಎಂದು ಸಮೀಕ್ಷೆ ಮಾಡುವುದು ಅವನ ಕೆಲಸ. ಕೊಂಬೆಗೆ ಡಬ್ಬಿ ಕಟ್ಟುವುದು, ಗಂಡು ನೊಣಗಳನ್ನು ಸೆಳೆಯುವ ಎಣ್ಣೆಯಲ್ಲೂ ಕೊಲ್ಲುವ ಔಷಧಿಯಲ್ಲೂ ನೆನೆಸಿದ ಮರದ ತುಂಡನ್ನು ಅದರೊಳಗೆ ತೂಗುಬಿಡುವುದು, ವಾರ ಬಿಟ್ಟು ಬಂದು ಸತ್ತವನ್ನು ಎಣಿಸುವುದು. ಸತ್ತವನ್ನು ಎಣಿಸುವುದರಲ್ಲಿ ಅವನಿಗೆ ಒಂದು ಬಗೆಯ ನೆಮ್ಮದಿಯಿತ್ತು. ಅವು ತಿರುಗಿ ಏನನ್ನೂ ಕೇಳುತ್ತಿರಲಿಲ್ಲ.

“ಎಷ್ಟ್ ಸಾ?” ತೋಟದ ಪುಟ್ಟಮಲ್ಲಪ್ಪ ಕೇಳಿದ.

“ಎರಡು.”

“ಎರಡೇಯಾ!” ಪುಟ್ಟಮಲ್ಲಪ್ಪ ಪಕ್ಕದ ತೋಟದ ಶಿವಮಲ್ಲುವಿನ ಕಡೆ ತಿರುಗಿದ. “ಕೇಳಿದ್ಯೇನ್ಲಾ? ಎರಡಂತೆ. ಆವಾಗ ಇದೇ ಡಬ್ಬಿ ಬಗ್ಸುದ್ರೆ ಕಳ್ಳೆಪುರಿ ಸುರ್ದಂಗೆ ಸುರಿತಿದ್ದೊ.”

“ಇನ್ನೇನಾದದು ಮತ್ತೆ? ನನ್ ತೆಂಗಿನ್‌ಕಾಯಿ ತಿಂದು ತಿಂದು ಮಾರಮ್ಮ ದಪ್ಪಗಾಗವ್ಳೆ, ನೊಣ ಬಡಕಲಾಗವೆ,” ಎಂದ ಶಿವಮಲ್ಲು. ಎಲ್ಲರೂ ನಕ್ಕರು.

ತೆಂಗಿನಕಾಯಿ ಊರಿನವರೇ ಮಾಡಿಕೊಂಡಿದ್ದ ದಂಡ. ಉದುರಿದ ಸೀಬೆಯೊಳಗೆ ಹುಳ ಬೆಳೆದು, ಮಣ್ಣಿಗಿಳಿದು, ನೊಣವಾಗಿ ಏಳುತ್ತದೆ ಎಂದು ನಾಗೇಂದ್ರನೇ ಒಮ್ಮೆ ಅರಳಿಕಟ್ಟೆಯ ಮೇಲೆ ಕೂತು ಹೇಳಿದ್ದ. ಅದನ್ನು ಅವನು ಎಲ್ಲ ಊರುಗಳಲ್ಲೂ ಹೇಳುತ್ತಾನೆ, ಎಲ್ಲ ಊರುಗಳಲ್ಲೂ ಜನ ತಲೆಯಾಡಿಸಿ ಎದ್ದುಹೋಗುತ್ತಾರೆ. ಇಲ್ಲಿ ಮಾತ್ರ ಅದನ್ನು ಹಿಡಿದುಕೊಂಡುಬಿಟ್ಟರು. ಸೀಬೆ ಇರುವ ಪ್ರತಿ ಮನೆಯಿಂದಲೂ ಸಂಜೆ ಒಬ್ಬರು ಕುಕ್ಕೆ ಹಿಡಿದು ಬಂದು ಉದುರಿದ್ದನ್ನೆಲ್ಲ ಆಯಬೇಕು, ಮುಚ್ಚಳವಿರುವ ನೀಲಿ ಡ್ರಮ್ಮಿಗೆ ಹಾಕಬೇಕು. ಆಮೇಲೂ ಯಾರ ಮರದ ಬುಡದಲ್ಲಿ ಕಾಯಿ ಸಿಕ್ಕಿತೋ ಅವರು ಮಾರಮ್ಮನ ಗುಡಿಗೆ ಒಂದು ತೆಂಗಿನಕಾಯಿ ಕೊಡಬೇಕು. ಇಷ್ಟೆಲ್ಲ ಯಾಕೆಂದರೆ ಮೈಸೂರಿನ ಹಣ್ಣಿನ ಕಂಪನಿಯೊಂದು, ನೊಣ ಇಲ್ಲವೆನ್ನುವಷ್ಟು ಕಡಿಮೆಯಿದೆ ಎಂದು ಸಮೀಕ್ಷೆಯವರು ಹೇಳಿದರೆ ಇಡೀ ಊರಿನ ಸೀಬೆಯನ್ನು ಹೊರದೇಶಕ್ಕೆ ಕಳಿಸಲು ಒಪ್ಪಿಕೊಳ್ಳುತ್ತೇವೆ ಎಂದಿತ್ತು. ಕಳಿಸಿದ ಒಂದು ಕಂತಿನಲ್ಲಿ ಹುಳ ಸಿಕ್ಕರೂ ಆ ಊರಿನ ಹೆಸರನ್ನೇ ತೆಗೆದುಹಾಕುತ್ತೇವೆ ಎಂದೂ ಹೇಳಿತ್ತು. ಕಾಯಿ ಬಲಿಯುತ್ತಿದೆ. ನಾಳೆ ಅವರು ಬರುತ್ತಾರೆ.

ಪುಟ್ಟಮಲ್ಲಪ್ಪ ತನ್ನ ಫೋನಿನಲ್ಲಿ ಆಗಲೇ ಕಂಪನಿಯವನನ್ನು ಹಿಡಿದಿದ್ದ. “ಇಲ್ಲೇ ಅವ್ರೆ ಸಾ, ನೀವೇ ಕೇಳ್ಕಳಿ,” ಎಂದು ಫೋನನ್ನು ನಾಗೇಂದ್ರನ ಕಿವಿಗೇ ಒತ್ತಿದ. ಫೋನು ಬೆಚ್ಚಗಿತ್ತು, ಸ್ವಲ್ಪ ಒದ್ದೆಯಾಗಿತ್ತು. ಅತ್ತ ಕಡೆಯ ದನಿ ಕೇಳಿದ್ದಕ್ಕೆ ನಾಗೇಂದ್ರ, “ಹೌದು, ಕಡಿಮೆಯಿದೆ. ಬಹಳ ಕಡಿಮೆ,” ಎಂದ. ಅಷ್ಟೆ. ಯಾರೋ ಅವನ ಬೆನ್ನು ತಟ್ಟಿದರು. ಶಿವಮಲ್ಲು ಶಿಳ್ಳೆ ಹಾಕಿದ. ತನಗೂ ಈಗ ಸಂತೋಷವಾಗಬೇಕು ಎಂದು ನಾಗೇಂದ್ರ ಅಂದುಕೊಂಡ, ಕಾದ. ಏನೂ ಬರಲಿಲ್ಲ. ಕಾಲು ಜೋಮು ಹಿಡಿದಾಗ ಅದನ್ನು ಒತ್ತಿ ನೋಡುವಂತೆ ಅವನು ಆಗಾಗ ತನ್ನೊಳಗೆ ಹೀಗೆ ಒತ್ತಿ ನೋಡಿಕೊಳ್ಳುತ್ತಿದ್ದ. ತಟ್ಟೆಯ ಎರಡು ನೊಣಗಳನ್ನು ಭೂತಗನ್ನಡಿಯ ಕೆಳಗೆ ತಂದ. ರೆಕ್ಕೆಯ ಮೇಲೆ ಕಂದು ಪಟ್ಟಿ. ಹೀರೆ, ಹಾಗಲ, ಸೋರೆಗಳಿಗೆ ಬೀಳುವ ನೊಣ ಇದು. ಸೀಬೆಯ ನೊಣದ ರೆಕ್ಕೆ ಗಾಜಿನಂತೆ ತಿಳಿಯಾಗಿರುತ್ತದೆ. ಬೇಲಿಯಾಚೆ ಯಾರದೋ ಹೀರೆಬಳ್ಳಿ ಇತ್ತು, ಅಲ್ಲಿಂದ ದಾರಿ ತಪ್ಪಿ ಬಂದಿರಬೇಕು. ಹೋದ ಸಲವೂ ಹಾಗೆಯೇ ಅಂದುಕೊಂಡಿದ್ದ. ಈ ಬೆಳಿಗ್ಗೆ ತೆರಕಣಾಂಬಿಯ ಹೀರೆ ಹೊಲದಲ್ಲಿ ಇದರ ತಿರುಗುಮುರುಗಾಗಿತ್ತು. ಅಲ್ಲಿನ ಡಬ್ಬಿಗಳಲ್ಲಿ ಹೀರೆಯ ನೊಣ ಒಂದೂ ಇಲ್ಲದೆ, ತಿಳಿ ರೆಕ್ಕೆಯವು ನಾಲ್ಕಾರು ಸತ್ತು ಬಿದ್ದಿದ್ದವು. ಆಗಲೂ ತಲೆಯೊಳಗೆ ಏನೋ ಎದ್ದು ನಿಂತಿತು, ಬಾಗಿಲವರೆಗೆ ಬಂದ ನೆಂಟ ಯಾರೂ ಕರೆಯದೆ ವಾಪಸು ಹೋಗುವ ಹಾಗೆ ಹೋಯಿತು.

ಅವನ ಮೇಲಿನ ಪ್ರೊಫೆಸರು ಗುರುಪಾದಸ್ವಾಮಿಯವರಿಗೆ ಈ ಅಂಕಿಗಳಿಂದ ಬಹಳ ಖುಷಿಯಾಗಿತ್ತು. ಜನ ತಾವೇ ಮುಂದೆ ಬಂದು ನೊಣವನ್ನು ಹತೋಟಿಗೆ ತಂದ ಊರು. ಸೆಮಿನಾರಿಗೆ ಈಗಲೇ ಸಾರಾಂಶ ಕಳಿಸಿಬಿಟ್ಟಿದ್ದೇನೆ ಕಣ್ರೀ, ಎಂದಿದ್ದರು. ಅವರು ಕಾಲೇಜಿನ ಕೋಣೆಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಲೇ ಅವನ ಕಡೆ ನೋಡಿ, ಯಾವುದ್ರೀ ಅದು ಕೈಲಿರೋ ಬಾಟ್ಲಿ, ಎಂದು ಕೇಳಿದ್ದು ಯಾವತ್ತು? ಎಣ್ಣೆಯ ಎರಡು ಬಾಟಲಿಗಳೂ ಒಂದೇ ಅಳತೆಯ ಕಂದು ಗಾಜಿನವು. ಸ್ಪಿರಿಟ್ಟು ಚೆಲ್ಲಿ ಹೊರಗೆ ಬರೆದಿದ್ದ ಶಾಯಿ ಅಳಿಸಿಹೋಗಿತ್ತು. ಅದೊಂದು ತೊಂದರೆಯೇ ಅಲ್ಲ. ಸೀಬೆ ನೊಣವನ್ನು ಕರೆಯುವ ಎಣ್ಣೆ ತುಳಸಿ, ಲವಂಗಗಳ ಹಾಗೆ ಘಾಟು. ಹೀರೆಯ ನೊಣವನ್ನು ಕರೆಯುವುದು ಸಿಹಿ, ಪೆಪ್ಪರ್‌ಮಿಂಟಿನ ಕಾಗದ ಬಿಚ್ಚಿದ ಹಾಗೆ. ಮುಚ್ಚಳ ಸಡಿಲಿಸಿದರೆ ಮಕ್ಕಳೂ ಹೇಳಿಯಾರು. ನಾಗೇಂದ್ರ ಮುಚ್ಚಳ ತೆಗೆದು, ಬಾಟಲಿಯನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡು, “ಸೀಬೇದು ಸರ್,” ಎಂದಿದ್ದ. ಹಾಗೆಯೇ ಬರೆದು ಅಂಟಿಸಿದ್ದ. ಅವನು ಎಳೆದುಕೊಂಡದ್ದು ಬರಿಯ ಗಾಳಿ, ತುಸು ತಣ್ಣಗಿನದು.

ವಾಸನೆ ಹೋದದ್ದು ಕೊರೋನಾದ ಎರಡನೆಯ ಅಲೆಯಲ್ಲಿ. ಹೋಯಿತು ಎನ್ನುವುದು ಕೂಡ ಮೊದಲು ತಿಳಿಯಲಿಲ್ಲ. ಹೆಂಡತಿ ಭವ್ಯ ಕೋಣೆಯ ಬಾಗಿಲಲ್ಲಿ ಇಟ್ಟುಹೋದ ಕಾಫಿ ಬಿಸಿನೀರಾಗಿತ್ತು, ಸಾರು ಉಪ್ಪುನೀರಾಗಿತ್ತು. ಜ್ವರ ಬಿಟ್ಟ ಮೇಲೆ ಅವಳು ಹಟ ಹಿಡಿದು ದಿನವೂ ಅವನ ಕಣ್ಣು ಮುಚ್ಚಿಸಿ ಇಂಗಿನ ಡಬ್ಬಿ, ಕರ್ಪೂರ, ಸೀಮೆಎಣ್ಣೆ ಬತ್ತಿ, ಮಗಳ ಕೂದಲಿಗೆ ಹಚ್ಚುವ ಹರಳೆಣ್ಣೆ, ಒಂದೊಂದನ್ನೇ ಮೂಗಿಗೆ ಹಿಡಿದಳು. ಈಗ? ಇದು? ಅವಳ ದನಿಯಲ್ಲಿ ಆಸೆ ಇರುತ್ತಿತ್ತು, ಆಮೇಲಾಮೇಲೆ ಅಳು ಇರುತ್ತಿತ್ತು. ಒಂದು ದಿನ ಅವನಿಗೆ ಆ ದನಿಯನ್ನು ತಡೆಯಲಾಗದೆ, “ಬಂತು,” ಎಂದುಬಿಟ್ಟ. ಅವಳು ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಅವಳ ಸೀರೆಗೆ ವಾಸನೆ ಏನೂ ಇರಲಿಲ್ಲ, ಬಟ್ಟೆ ಇತ್ತು, ಹಿಂದೆ ಮೈ ಇತ್ತು, ಅಷ್ಟೆ. ಮಾರನೆಯ ದಿನದಿಂದ ಪರೀಕ್ಷೆ ನಿಂತಿತು. ಸಾರು ಹೇಗಿದೆ ಅಂದರೆ ಘಮ್ಮಂತಿದೆ ಎನ್ನುವುದು ಅಭ್ಯಾಸವಾಯಿತು. ಒಮ್ಮೆ ಒಲೆಯ ಗ್ಯಾಸು ಪೂರ್ತಿ ತೆರೆದಿದ್ದಾಗ ಅವನು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಪೇಪರು ಓದುತ್ತಿದ್ದ. ಭವ್ಯ ಬೀದಿಯಿಂದಲೇ ಓಡಿಬಂದು ಕಿಟಕಿಗಳನ್ನೆಲ್ಲ ಬಡಿದು ತೆಗೆದು, ನಿಮಗೆ ಗೊತ್ತಾಗಲಿಲ್ವಾ, ಎಂದು ಕಿರುಚಿದಾಗ, ಶೀತ ಆಗಿದೆ ಎಂದ. ಅವಳು ನಂಬಿದಳೋ ಇಲ್ಲವೋ. ಆವತ್ತಿನಿಂದ ಹೊರಗೆ ಹೋಗುವಾಗ ಸಿಲಿಂಡರನ್ನೇ ಬಂದ್ ಮಾಡಿ ಹೋಗುತ್ತಾಳೆ, ಆ ಬಗ್ಗೆ ಮಾತಾಡುವುದಿಲ್ಲ. ಮೂಗು ಮೊದಲು ಹೋಯಿತು, ಉಳಿದವು ಅದರ ಹಿಂದೆ ಒಂದೊಂದಾಗಿ ಎದ್ದುಹೋದವು ಎಂದು ಅವನಿಗೆ ಅನಿಸುತ್ತದೆ. ಮಗಳು ಮಲಗಿರುವಾಗ ಅವಳ ನೆತ್ತಿಗೆ ಮೂಗಿಡುತ್ತಾನೆ. ಅಲ್ಲಿ ಹಿಂದೆ ಏನಿತ್ತು ಎನ್ನುವುದೂ ಈಗ ನೆನಪಿಲ್ಲ.

“ತಕಳಪ್ಪಾ ಮಗಾ, ಮಜ್ಜಿಗೆ.” ಪುಟ್ಟಮಲ್ಲಪ್ಪನ ಅವ್ವ ದೊಡ್ಡಮಲ್ಲಮ್ಮ ಲೋಟ ಹಿಡಿದು ನಿಂತಿದ್ದಳು. ಅವನು ಕೈ ಚಾಚಿದಾಗ ಮುದುಕಿ ಲೋಟ ಬಿಡದೆ ಅವನ ತೋಳಿನ ಕಡೆ ಮುಖ ಬಗ್ಗಿಸಿದಳು. “ಇದೇನ್ಲಾ ಇದು, ಮೈಯೆಲ್ಲ ತುಳ್ಸಿ ಗಮಲು! ಗುಡಿಗೋಗಿ ಬಂದ್ಯಾ?”

“ಇಲ್ಲ ಅಜ್ಜಿ.”

“ಸುಳ್ ಯೋಳ್ಬ್ಯಾಡ. ತುಳ್ಸಿ ಕಟ್ಟೇನೇ ತಬ್ಕಂಡು ಬಂದಂಗಿದ್ದೀಯೆ. ಅಲ್ಲುಜ್ಜಕೂ ತುಳ್ಸಿನೇಯಾ ನಿಮ್ಮೂರಲ್ಲಿ?”

ನಾಗೇಂದ್ರ ನಕ್ಕ. ನಗಬೇಕಾದ ಜಾಗ ಅದು. ಮಜ್ಜಿಗೆ ತಣ್ಣಗೆ, ಉಪ್ಪಾಗಿ ಗಂಟಲಲ್ಲಿ ಇಳಿಯಿತು. ಅಂಗಿಯ ಬಲ ತೋಳಿನ ಮಡಿಕೆಯ ಬಳಿ ಅಂಗೈಯಗಲ ಕಲೆಯಿತ್ತು. ಬೆಳಿಗ್ಗೆ ಕಾಲೇಜಿನ ಕೋಣೆಯಲ್ಲಿ ತೆರಕಣಾಂಬಿಗೆಂದು ಎಣ್ಣೆ ಬಗ್ಗಿಸಿಕೊಳ್ಳುವಾಗ ಚೆಲ್ಲಿದ್ದು. ಒದ್ದೆಯಾದದ್ದು ತಿಳಿದಿತ್ತು, ಒರೆಸಿಕೊಂಡು ಬೈಕು ಹತ್ತಿದ್ದ. ಇಂದು ಅವನು ಮುಟ್ಟಿದ್ದು ಅದೊಂದೇ ಬಾಟಲಿ. ಹೀರೆಯದು. ಅದು ಸಿಹಿ ವಾಸನೆಯದು. ಲೋಟವನ್ನು ಬಾಯಿಂದ ತೆಗೆಯದೆ ಅವನು ಹಾಗೆಯೇ ನಿಂತ. ಹೀರೆಯದು ತುಳಸಿಯ ಹಾಗೆ ನಾರುವುದಿಲ್ಲ. ತುಳಸಿಯ ಹಾಗೆ ನಾರುವುದು ಸೀಬೆಯದು. ಹಾಗಾದರೆ ಹೀರೆ ಎಂದು ಬರೆದ ಬಾಟಲಿಯಲ್ಲಿ ಇರುವುದು ಸೀಬೆಯದು. ಸೀಬೆ ಎಂದು ಬರೆದು ಈ ತೋಟದ ಒಂದೊಂದು ಡಬ್ಬಿಯಲ್ಲೂ ಅವನು ತನ್ನ ಕೈಯಾರೆ ತೂಗುಬಿಟ್ಟದ್ದು ಹೀರೆಯದು. ಕಾಲೇಜಿನಲ್ಲಿ ಕರಿಹಲಗೆಯ ಮೇಲೆ ಲೆಕ್ಕ ಬಿಡಿಸುವಾಗಿನಂತೆ ಒಂದರ ಕೆಳಗೊಂದು ಸಾಲು ತಾನಾಗಿ ಬಂದು ನಿಂತಿತು. ಸೀಬೆಯ ನೊಣಗಳು ಈ ಡಬ್ಬಿಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಅವು ಇವೆಯೋ ಇಲ್ಲವೋ ಎಂದು ಯಾರೂ ಕೇಳಿಯೇ ಇರಲಿಲ್ಲ. ಬಹಳ ಕಡಿಮೆ ಎಂದು ಅವನು ಹೇಳಿ ಎಷ್ಟು ಹೊತ್ತಾಯಿತು? ಮಜ್ಜಿಗೆಯ ಒಂದು ಗುಟುಕು ಬಾಯಲ್ಲಿಯೇ ಉಳಿದಿತ್ತು. ಅದನ್ನು ನುಂಗಿದ.

ಮೊದಲ ನೊಣ ಬಂದದ್ದು ಆಗಲೇ. ಮೊಣಕೈಯ ಮೇಲೆ ಕೂತು, ಎರಡು ಹೆಜ್ಜೆ ನಡೆದು, ಕಲೆಯ ಅಂಚಿಗೆ ಬಾಯಿ ಇಟ್ಟಿತು. ಎದೆಯ ಮೇಲೆ ಎರಡು ಹಳದಿ ಗೆರೆ. ರೆಕ್ಕೆ ಗಾಜಿನಷ್ಟು ತಿಳಿ. ಇನ್ನೊಂದು ಬಂತು. ನಾಗೇಂದ್ರ ತೋಳನ್ನು ಬೆನ್ನ ಹಿಂದೆ ಒಯ್ದ, ಶಾಲೆಯಲ್ಲಿ ಸೀಮೆಸುಣ್ಣ ಕದ್ದವನ ಹಾಗೆ. ಈಗ ಮಜ್ಜಿಗೆ ಕುಡಿದು ಮುಗಿಸಿ, ಬರುತ್ತೇನೆ ಎಂದು ಹೇಳಿ, ಬೈಕಿನವರೆಗೆ ನಡೆಯುವುದು. ಡಬ್ಬಿಗಳ ಸಮೀಕ್ಷೆ ಇವತ್ತಿಗೆ ಮುಗಿಯಿತು. ಮುಂದಿನದಕ್ಕೆ ಕಂಪನಿಯವರಿದ್ದಾರೆ, ಅವರೂ ಹಣ್ಣು ಕೊಯ್ದು ನೋಡುತ್ತಾರೆ, ಸಿಕ್ಕರೆ ಅವರಿಗೆ ಸಿಗುತ್ತದೆ, ಆಗ ಅದು ಆಮೇಲೆ ಬಂದ ನೊಣವಾಗುತ್ತದೆ. ಯಾರೂ ಸುಳ್ಳು ಹೇಳಿದ ಹಾಗಾಗುವುದಿಲ್ಲ. ಇದನ್ನೆಲ್ಲ ಅವನು ಭಯದಿಂದ ಯೋಚಿಸಲಿಲ್ಲ. ಪಕ್ಕದ ಮನೆಯ ರೇಡಿಯೋದಂತೆ ಅದು ತಾನಾಗಿ ಕೇಳಿಸುತ್ತಿತ್ತು.

“ಸಾ, ತಿರೀಕಳಿ ಒಸಿ.” ಶಿವಮಲ್ಲುವಿನ ದನಿ ಹಿಂದಿನಿಂದ ಬಂತು. “ಅಯ್ಯೋ ಸಿವ್ನೆ! ಪುಟ್ಮಲ್ಲಣ್ಣ, ನೋಡ್ಬಾ ಇಲ್ಲಿ. ಡಬ್ಬಿ ಖಾಲಿ, ಸಾಯೇಬ್ರು ಭರ್ತಿ! ನೀವೇ ಹಣ್ಣಾಗ್ಬುಟ್ಟಿದ್ದೀರಲ್ಲ ಸಾ!”

ಜನ ನಗುತ್ತ ಹತ್ತಿರ ಬಂದರು. ತೋಳಿನ ಮೇಲೆ, ಬೆನ್ನ ಮೇಲೆ, ಕಾಲರಿನ ಮೇಲೆ ನೊಣ. ಒಬ್ಬ ಹೆಂಗಸು ಸೆರಗಿನಿಂದ ಹೊಡೆದಳು, ಅವು ಎದ್ದು ಮತ್ತೆ ಅಲ್ಲಿಗೇ ಬಂದು ಕೂತವು. ಪುಟ್ಟಮಲ್ಲಪ್ಪ ನಗಲಿಲ್ಲ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. ಮೂರು ವರ್ಷ ಈ ಮರಗಳ ಜೊತೆ ಬಾಳಿದವನಿಗೆ ಈ ನೊಣವನ್ನು ಯಾರೂ ತೋರಿಸಿಕೊಡಬೇಕಿರಲಿಲ್ಲ. ಅವನು ನಾಗೇಂದ್ರನ ಮೊಣಕೈ ಹಿಡಿದು ಎರಡು ಮರದಾಚೆ ಕರೆದುಕೊಂಡು ಹೋದ.

“ಇವು ಅವೇಯಾ?”

“ಹೌದು.”

“ಡಬ್ಬಿಲಿ ಯಾಕಿಲ್ಲ ಮತ್ತೆ?”

“ಡಬ್ಬೀಲಿ ಬೇರೆ ಎಣ್ಣೆ ಹಾಕಿದ್ದೀನಿ. ತಪ್ಪಾಯ್ತು.”

ಪುಟ್ಟಮಲ್ಲಪ್ಪ ಮರದ ಕಾಂಡದಿಂದ ಒಂದು ಸಿಪ್ಪೆ ಕಿತ್ತ, ಅದನ್ನು ಬೆರಳಲ್ಲಿ ಪುಡಿ ಮಾಡಿದ. ಅವನ ಕಿವಿಯ ಮೇಲಿನ ಬಿಳಿ ಕೂದಲು ಬೆವರಿಗೆ ಅಂಟಿಕೊಂಡಿತ್ತು. “ಸಾ,” ಎಂದ ದನಿ ತಗ್ಗಿಸಿ, “ತೆರಕಣಾಂಬಿಗೋಗಿ ಬಂದ್ರಲ್ಲ ಬೆಳಗ್ಗೆ. ಅಲ್ಲಿಂದ ನಿಮ್ ಜೊತೆ ಬಂದಿರ್ಬೋದು ಇವು. ಬಟ್ಟೆ ಮ್ಯಾಲೆ ಕೂತ್ಕಂಡು.”

ನಾಗೇಂದ್ರ ಅವನ ಮುಖ ನೋಡಿದ. ಅಲ್ಲಿ ಕುಯುಕ್ತಿ ಇರಲಿಲ್ಲ. ಮಳೆಯಲ್ಲಿ ನಿಂತವನಿಗೆ ಗೋಣಿ ಕೊಡುವ ಹಾಗೆ ಅವನು ಆ ಮಾತನ್ನು ಕೊಟ್ಟಿದ್ದ. ಇಬ್ಬರೂ ಅದರ ಕೆಳಗೆ ನಿಲ್ಲಬಹುದಿತ್ತು. ಬೈಕಿನ ವೇಗಕ್ಕೆ ನೊಣ ಕೂತಿರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತು. ಹಾಗೆ ಗೊತ್ತಿದ್ದೇ ಆ ಮಾತು ನಡುವೆ ನಿಂತಿತ್ತು. ಹೌದು, ಇರಬಹುದು ಎಂದರೆ ಸಾಕು. ಆ ಮಾತಿನ ಅಳತೆ ಅವನ ಬಾಯಿಗೆ ಗೊತ್ತಿತ್ತು. “ಬಂತು” ಎನ್ನುವಷ್ಟೇ ಚಿಕ್ಕದು. ನಾಲಗೆ ಎತ್ತಿದ. ಆಗ ಅವನಿಗೆ ನೆನಪಾದದ್ದು ಮುಂದಾಗುವ ಅನ್ಯಾಯವಲ್ಲ, ಹೊಟ್ಟೆಗೆ ತಲೆ ಒತ್ತಿಕೊಂಡ ಭವ್ಯಳ ಕೈಯ ಭಾರ. ಎಷ್ಟು ಸುಲಭವಾಗಿತ್ತು ಅದು. ಎಷ್ಟು ಮೆತ್ತಗೆ ಮುಚ್ಚಿಕೊಂಡಿತ್ತು.

ಅವನು ಅಂಗಿಯ ಗುಂಡಿ ಬಿಚ್ಚತೊಡಗಿದ. “ಏನ್ ಸಾ ಇದು?” ಎಂದ ಪುಟ್ಟಮಲ್ಲಪ್ಪ. ನಾಗೇಂದ್ರ ಅಂಗಿ ಕಳಚಿ, ಎರಡು ಸಲ ಜೋರಾಗಿ ಕೊಡವಿ, ನೊಣಗಳೆಲ್ಲ ಎದ್ದ ಮೇಲೆ ತೋಟದ ಇನ್ನೊಂದು ತುದಿಗೆ, ಕಾಲುವೆಯ ಹತ್ತಿರದ ಮರದವರೆಗೆ ನಡೆದು, ಎದೆಯೆತ್ತರದ ಕೊಂಬೆಗೆ ಅದನ್ನು ತಗುಲಿಹಾಕಿದ. ಬನಿಯನ್ನಿನಲ್ಲಿ ನಿಂತ ಅವನ ತೋಳುಗಳು ತೆಳ್ಳಗೆ, ಬಿಳಿಚಿಕೊಂಡಿದ್ದವು. ಬನಿಯನ್ನಿನ ಬೆನ್ನಲ್ಲಿ ತೂತಿದ್ದುದು ನೆನಪಾಯಿತು. ಜನ ಒಬ್ಬೊಬ್ಬರಾಗಿ ಬಂದು ಅರ್ಧ ವೃತ್ತವಾಗಿ ನಿಂತರು. ಮೊದಲು ನಗು, ಆಮೇಲೆ ಪಿಸುಮಾತು, ಆಮೇಲೆ ಅದೂ ಇಲ್ಲ. ಮರಗಳ ಸಂದಿಯಿಂದ ಅವು ಬರುತ್ತಿದ್ದವು. ಕಾಣಿಸಿಕೊಳ್ಳುವ ಮುನ್ನ ಇರುತ್ತಲೇ ಇರಲಿಲ್ಲ, ಕಾಣಿಸಿಕೊಂಡ ಮೇಲೆ ಅಂಗಿಯ ಮೇಲಿರುತ್ತಿದ್ದವು. ಕಲೆ ಕಪ್ಪಾಯಿತು. ಕಪ್ಪು ಜೇಬಿನ ಕಡೆಗೆ ಹಬ್ಬಿತು. ನಾಗೇಂದ್ರ ಅಭ್ಯಾಸಬಲದಿಂದ ಎಣಿಸಲು ಹೊರಟು, ಬಿಟ್ಟ.

“ಎಲ್ಡು ತಿಂಗ್ಳು ಬಗ್ಗಿ ಬಗ್ಗಿ ಆಯ್ದಿವಲ್ಲೋ,” ಎಂದಳು ಒಬ್ಬಳು, ಯಾರಿಗೂ ಅಲ್ಲದ ಹಾಗೆ.

“ಆಯ್ದದ್ದು ದಂಡವಲ್ಲ,” ಎಂದ ನಾಗೇಂದ್ರ. “ಆಯದೆ ಇದ್ದಿದ್ದರೆ ಇನ್ನೂ ಜಾಸ್ತಿ ಇರ್ತಿದ್ದವು.” ನಿಜವೇ ಆಗಿತ್ತು. ಆದರೂ ಕಾಲೇಜಿನ ಮಾತಿನಂತೆ ಕೇಳಿಸಿತು. ಯಾರೂ ಅವನ ಕಡೆ ನೋಡಲಿಲ್ಲ.

“ನಿಮ್ಗೇ ಗೊತ್ತಾಗ್ನಿಲ್ವಾ ಸಾ?” ಪುಟ್ಟಮಲ್ಲಪ್ಪನ ದನಿ ಈಗ ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿತ್ತು. “ನಮ್ಮವ್ವ ಲೋಟ ಕೊಡಕ್ ಬಂದವ್ಳು ಮೂಸಿ ಯೋಳುದ್ಲು. ಇದೇ ಕೆಲ್ಸ ಮಾಡೋರು ನೀವು!”

“ನನಗೆ ವಾಸನೆ ತಿಳಿಯಲ್ಲ,” ಎಂದ ನಾಗೇಂದ್ರ. “ಕೊರೋನಾ ಬಂದಾಗ ಹೋಯ್ತು. ಮತ್ತೆ ಬರಲೇ ಇಲ್ಲ.”

“ಯಾವ್ ವಾಸ್ನೇನೂವಾ?” ದೊಡ್ಡಮಲ್ಲಮ್ಮ ಕೇಳಿದಳು.

“ಯಾವುದೂ ಇಲ್ಲ.”

“ಊಸು ಬುಟ್ರೂವೆ?” ಎಂದ ಶಿವಮಲ್ಲು. ಹಿಂದೆ ಯಾರೋ ಕಿಸಕ್ಕೆಂದರು. ನಗು ಹರಡಿ, ಅಂಗಿಯ ಮೇಲೆ ಕಣ್ಣು ಬಿದ್ದು, ಹಾಗೇ ಸತ್ತುಹೋಯಿತು. ಈ ಮಾತನ್ನು ಮೊದಲು ಕೇಳಬೇಕಾದವಳು ಚಾಮರಾಜನಗರದಲ್ಲಿ ಈಗ ಸಂಜೆಯ ಅಡುಗೆಗೆ ತರಕಾರಿ ಹೆಚ್ಚುತ್ತಿರಬಹುದು. ಹೇಳಿದ್ದರಿಂದ ಹಗುರವಾಗುತ್ತದೆ ಎಂದು ಜನ ಹೇಳುತ್ತಾರೆ. ನಾಗೇಂದ್ರ ಮತ್ತೆ ಒಳಗೆ ಒತ್ತಿ ನೋಡಿಕೊಂಡ. ಹಗುರವಾಗಲಿ, ಭಾರವಾಗಲಿ ಇರಲಿಲ್ಲ. ತೋಳಿಗೆ ಗಾಳಿ ತಗಲುತ್ತಿತ್ತು.

ಪುಟ್ಟಮಲ್ಲಪ್ಪ ಫೋನು ತೆಗೆದ. ಎಲ್ಲರ ಎದುರಿಗೇ ಮಾತಾಡಿದ. “ಸಾ, ನಾಳೆ ಬರ್ಬ್ಯಾಡಿ… ಇಲ್ಲ, ಲೆಕ್ಕ ತಪ್ಪಾಗದೆ… ಈ ಸಲ ಅಲ್ಲ ಅಂದ್ರೆ ಅಲ್ಲ, ಏನ್ ಮಾಡಕಾದದು… ಯಾರ್ ತಪ್ಪಾ? ಕಾಲೇಜೋರ್ದು.” ಮುಗಿಸಿ, ಫೋನನ್ನು ಜೇಬಿಗೆ ಹಾಕುವ ಬದಲು ಕೈಯಲ್ಲೇ ಹಿಡಿದು ಅದರ ಕಪ್ಪು ಗಾಜನ್ನು ನೋಡುತ್ತ ನಿಂತ. ನಂತರ ನಾಗೇಂದ್ರನ ಕಡೆ ತಿರುಗದೆಯೇ ಹೇಳಿದ. “ನಾ ಅಂದಂಗೆ ಅಂದ್ಬುಟ್ಟಿದ್ರೆ ಆಗೋಗ್ತಿತ್ತು ಸಾ. ನಾ ಒಬ್ನೇ ಕೇಳುಸ್ಕಂಡಿದ್ದೆ. ಇವ್ರ್ ಮುಂದೆಲ್ಲ ಯಾಕ್ ನೇತಾಕುದ್ರಿ?” ಕುಕ್ಕೆ ಹಿಡಿದು ಸಂಜೆಯ ಕೆಲಸಕ್ಕೆ ಬಂದ ಹೆಂಗಸರು ಬದುವಿನ ಮೇಲೆ ನಿಂತಿದ್ದರು. ಪುಟ್ಟಮಲ್ಲಪ್ಪ ಅವರಿಗೆ, “ಇವತ್ ಆಯ್ಕಳದು ಬ್ಯಾಡ, ಓಗಿ,” ಎಂದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಖಾಲಿ ಕುಕ್ಕೆ ಸೊಂಟಕ್ಕಿಟ್ಟುಕೊಂಡು ತಿರುಗಿ ಹೋದರು. ಜನ ಕರಗಿದರು. ಹೋಗುವಾಗ ಶಿವಮಲ್ಲುವಿನ ಕಾಲಿಗೆ ಒಂದು ಕಾಯಿ ಸಿಕ್ಕಿತು. ಅದನ್ನು ಎತ್ತಲಿಲ್ಲ, ಒದ್ದ. ಪುಟ್ಟಮಲ್ಲಪ್ಪನೂ ಮನೆಯ ಕಡೆ ನಡೆದ.

ನಾಗೇಂದ್ರ ಅಂಗಿಯನ್ನು ಹಾಕಿಕೊಳ್ಳುವಂತಿರಲಿಲ್ಲ, ಬಿಟ್ಟು ಹೋಗುವುದು ಹೇಗೆಂದೂ ತಿಳಿಯಲಿಲ್ಲ. ಮರದ ಬುಡಗಳಲ್ಲಿ ಇವತ್ತು ಉದುರಿದ ಕಾಯಿಗಳು ಹಳದಿಯಾಗಿ, ಒಂದು ಮಗ್ಗುಲು ಕಂದಾಗಿ ಬಿದ್ದಿದ್ದವು. ದೊಡ್ಡಮಲ್ಲಮ್ಮ ಒಬ್ಬಳೇ ಕುಕ್ಕೆಯನ್ನು ಕಾಲಿನಿಂದ ಮುಂದೆ ತಳ್ಳಿಕೊಳ್ಳುತ್ತ ಆಯುತ್ತಿದ್ದಳು. ಮಗ ಹೇಳಿದ್ದು ಅವಳಿಗೆ ಕೇಳಿಸಿತ್ತು, ಕೇಳಿಸದ ಹಾಗಿದ್ದಳು. ಎರಡು ಮರ ಮುಗಿಸಿ, ಸೊಂಟ ಹಿಡಿದು ನೆಟ್ಟಗಾಗಿ, ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಗರ ಬಡ್ದೋನಂಗೆ ನಿಂತ್ಕಂಡ್ರೆ ಆದದಾ? ಮೂಗಿಲ್ದಿದ್ರೆ ಕೈ ಇಲ್ವೇನ್ಲಾ ನಿಂಗೆ?”

ಅವನು ಬಗ್ಗಿದ. ಮೊದಲ ಕಾಯಿ ಕೈಗೆ ಬರುವಾಗಲೇ ಒಡೆಯಿತು, ಹೆಬ್ಬೆರಳು ತಿರುಳೊಳಕ್ಕೆ ಇಳಿಯಿತು. ಒಳಗೆ ತಣ್ಣಗಿತ್ತು. ತಣ್ಣಗಿನ ಒಳಗೆ ಅಕ್ಕಿಕಾಳಿನಷ್ಟು ಸಣ್ಣವು, ಹಲವು, ಅವನ ಬೆರಳ ಸುತ್ತ ಮಿಸುಕಾಡುತ್ತಿದ್ದವು. ಸ್ಪಿರಿಟ್ಟಿನ ಬಾಟಲಿಯಲ್ಲಿ ಬಿಳಿಚಿ ನೆಟ್ಟಗಾದವನ್ನೇ ಅವನು ಎಷ್ಟೋ ದಿನಗಳಿಂದ ನೋಡಿದ್ದು. ಒಂದು ಹುಳ ಅಂಗೈಗೆ ಜಾರಿತು. ತಲೆಯನ್ನು ಬಾಲಕ್ಕೆ ತಂದು, ಬಿಲ್ಲಾಗಿ ಬಾಗಿ, ಒಂದು ಕ್ಷಣ ಹಾಗೇ ಬಿಗಿದು, ಸಿಡಿದು ಅವನ ಬರಿದೋಳಿನ ಮೇಲೆ ಬಿತ್ತು. ಅವನು ಕೊಡವಿಕೊಳ್ಳಲಿಲ್ಲ. ಅದು ಮತ್ತೆ ಬಾಗುವುದನ್ನು ನೋಡಿದ.

“ನೋಡ್ತಾ ಕೂತ್ಕಬ್ಯಾಡ,” ಎಂದಳು ದೊಡ್ಡಮಲ್ಲಮ್ಮ ಮುಂದಿನ ಮರದಿಂದ. “ಕತ್ಲಾದದು. ಆಕು ಕುಕ್ಕೆಗೆ.”